ಕೈಗವಸು ಹೊಲಿಯುವವನ ಮನೆ ಯಾರ ಪಾಲಾಯಿತು? ಹಳೆಯ ಇಂಗ್ಲೆಂಡಿನ ಕಸುಬುದಾರರ ಉಯಿಲು ಓದುವ ಸಮಗ್ರ ಮಾರ್ಗದರ್ಶಿ

ಉಯಿಲು ಅನ್ನುವ ನಮ್ಮ ಮಾತು ಹುಟ್ಟಿದ್ದೇ ಇಂಗ್ಲಿಷಿನ ವಿಲ್‌ನಿಂದ. ನಾಲಿಗೆಗೆ ಒಗ್ಗುವಂತೆ ತಿರುಗಿಸಿಕೊಂಡೆವು, ಅಷ್ಟೇ. ಪ್ರೊಬೇಟ್ (ಉಯಿಲಿಗೆ ಕೋರ್ಟಿನ ಮಂಜೂರಾತಿ), ಎಕ್ಸಿಕ್ಯೂಟರ್ (ಉಯಿಲಿನಲ್ಲಿ ಬರೆದದ್ದನ್ನು ನಡೆಸಿಕೊಡುವವರು) ಅಂತ ನಮ್ಮ ಕೋರ್ಟುಗಳಲ್ಲಿ ಇವತ್ತಿಗೂ ಕೇಳುವ ಮಾತುಗಳೂ ಅಲ್ಲಿಂದಲೇ ಬಂದವು. ಹಾಗಂತ ನಾನೂರು ವರ್ಷ ಹಿಂದೆ ಇಂಗ್ಲೆಂಡಿನ ಅಕ್ಕಸಾಲಿಗನೋ ಬಟ್ಟೆ ನೇಯಿಸುವವನೋ ಬರೆಸಿದ ಉಯಿಲು ಕೈಗೆ ಸಿಕ್ಕರೆ ಸುಲಭವಾಗಿ ಅರ್ಥವಾಗುತ್ತದೆ ಅಂದುಕೊಳ್ಳಬೇಡಿ. ಅಕ್ಷರ ಹತ್ತುವುದಿಲ್ಲ. ತಾರೀಖು ಒಂದು ವರ್ಷ ಹೆಚ್ಚುಕಮ್ಮಿ ಆಗುತ್ತದೆ. ಎಲ್ಲ ಓದಿ ಮುಗಿಸಿದ ಮೇಲೂ 'ಅಯ್ಯೋ, ಹೆಂಡತಿಗೆ ಏನೂ ಕೊಡಲಿಲ್ಲವಲ್ಲ' ಅಂತ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ನಾನೂ ಬಂದಿದ್ದೆ.

ಮೊದಲೇ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಆ ಕಾಲದ ಉಯಿಲು ಪೂರ್ತಿ ಆಸ್ತಿಯ ಪಟ್ಟಿಯಲ್ಲ. ಕಾನೂನಿನ ಪ್ರಕಾರ ತಾನಾಗಿ ಹೋಗುವುದು ಹೋಗಿ, ಬದುಕಿದ್ದಾಗಲೇ ಮಕ್ಕಳಿಗೆ ಕೊಟ್ಟದ್ದು ಕಳೆದು, ಮಿಕ್ಕಿದ್ದರ ಲೆಕ್ಕ ಅದು. ಆದ್ದರಿಂದ ಬರೆದದ್ದನ್ನು ಓದುವ ಜೊತೆಗೆ ಬರೆಯದೇ ಬಿಟ್ಟದ್ದನ್ನೂ ಹುಡುಕಬೇಕು.

ಅಭ್ಯಾಸಕ್ಕೆ ಒಂದು ಕುಟುಂಬ ಬೇಕಲ್ಲ? ಸ್ಟ್ರಾಟ್‌ಫರ್ಡ್ ಊರಿನ ಜಾನ್ ಶೇಕ್ಸ್‌ಪಿಯರ್ ಮನೆಯನ್ನೇ ತೆಗೆದುಕೊಳ್ಳೋಣ. ಈತ ಚರ್ಮ ಹದ ಮಾಡಿ ಕೈಗವಸು ಹೊಲಿಯುತ್ತಿದ್ದವ. ಆ ಊರಿನ ದಾಖಲೆಯಲ್ಲಿ ಇವನ ಹೆಸರು ಮೊದಲು ಬರುವುದು 1552ರಲ್ಲಿ. ಹೆನ್ಲಿ ಸ್ಟ್ರೀಟಿನಲ್ಲಿ ಮನೆ ಮುಂದೆ ತಿಪ್ಪೆ ಹಾಕಿದ್ದಕ್ಕೆ ದಂಡ ಬಿದ್ದಾಗ! 1568ರಲ್ಲಿ ಅದೇ ಮನುಷ್ಯ ಊರಿನ ಬೇಲಿಫ್, ಅಂದರೆ ಪುರಸಭೆಯ ಮುಖ್ಯಸ್ಥ. ಮಗ ವಿಲಿಯಂ ನಾಟಕ ಬರೆದು ಹೆಸರು ಮಾಡಿದ, ಅದು ನಮಗೆ ಇಲ್ಲಿ ಬೇಡ. ಮಗಳು ಜೋನ್ ಟೋಪಿ ಮಾಡುವ ವಿಲಿಯಂ ಹಾರ್ಟ್‌ನನ್ನು ಮದುವೆಯಾದಳು. ಮಗನ ಉಯಿಲನ್ನು ಓದಿ ಬಿಡಿಸಿ ಬರೆದ ಪ್ರತಿಗಳು ಸುಲಭವಾಗಿ ಸಿಗುತ್ತವೆ. ಹೊಸಬರು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಬಹುದು.

ಹೆಜ್ಜೆ 1: ಯಾವ ಕೋರ್ಟು ಅಂತ ಮೊದಲು ಗೊತ್ತುಮಾಡಿಕೊಳ್ಳಿ

1858ರ ಜನವರಿವರೆಗೆ ಇಂಗ್ಲೆಂಡಿನಲ್ಲಿ ಉಯಿಲಿಗೆ ಮಂಜೂರಾತಿ ಕೊಡುತ್ತಿದ್ದದ್ದು ಹೆಚ್ಚಾಗಿ ಚರ್ಚಿನ ಕೋರ್ಟುಗಳು. ಸಣ್ಣ ಆಸ್ತಿ, ಒಂದೇ ಕಡೆ ಇದ್ದರೆ ಆರ್ಚ್‌ಡೀಕನ್ ಕೋರ್ಟು. ಅದರ ಮೇಲೆ ಬಿಷಪ್ಪನ ಕೋರ್ಟು. ಒಂದಕ್ಕಿಂತ ಜಾಸ್ತಿ ಬಿಷಪ್ಪರ ಪ್ರಾಂತಗಳಲ್ಲಿ 5 ಪೌಂಡು ಮೀರಿದ ಸಾಮಾನು ಇದ್ದರೆ ಆರ್ಚ್‌ಬಿಷಪ್ಪನ ಕೋರ್ಟಿಗೇ ಹೋಗಬೇಕು. ದಕ್ಷಿಣಕ್ಕೆ ಕ್ಯಾಂಟರ್ಬರಿ, ಉತ್ತರಕ್ಕೆ ಯಾರ್ಕ್. ಕೈಯಲ್ಲಿ ಕಾಸು ಓಡಾಡುತ್ತಿದ್ದ ಕಸುಬುದಾರರ ಉಯಿಲು ಹುಡುಕುವವರು ಕ್ಯಾಂಟರ್ಬರಿ ಕೋರ್ಟಿನಿಂದಲೇ ಶುರು ಮಾಡುವುದು ಲೇಸು. ಅದರ ದಾಖಲೆ 1384ರಿಂದ 1858ರವರೆಗೂ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಹೆಸರು, ಊರು, ಕಸುಬು ಹಾಕಿ ಆನ್‌ಲೈನಿನಲ್ಲಿ ಹುಡುಕಬಹುದು. ಯಾರ್ಕ್ ಕಡೆಯದು ಯಾರ್ಕಿನ ಬೋರ್ಥ್‌ವಿಕ್ ಸಂಸ್ಥೆಯಲ್ಲಿ. ಉಳಿದವು ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿ.

1653ರಿಂದ 1660ರವರೆಗೆ ಸತ್ತವರಾದರೆ ಊರು ಯಾವುದಾದರೂ ಲಂಡನ್ ದಾಖಲೆಯನ್ನೇ ನೋಡಿ. ಆಗ ಇಡೀ ದೇಶಕ್ಕೆ ಒಂದೇ ಕೋರ್ಟು ಇತ್ತು.

ಹೆಸರಿನ ಕಾಗುಣಿತ ನಂಬಬೇಡಿ. ಒಬ್ಬನೇ ಮನುಷ್ಯ ತನ್ನ ಹೆಸರನ್ನು ಒಂದೊಂದು ಸಲ ಒಂದೊಂದು ಥರ ಬರೆದದ್ದುಂಟು.

ಹೆಜ್ಜೆ 2: ಮೂಲವೋ, ನಕಲೋ?

ಆನ್‌ಲೈನಿನಲ್ಲಿ ಸಾಮಾನ್ಯವಾಗಿ ಸಿಗುವುದು ಕೋರ್ಟಿನ ಗುಮಾಸ್ತ ದಪ್ಪ ಪುಸ್ತಕಕ್ಕೆ ಇಳಿಸಿಕೊಂಡ ನಕಲು. ಓದಲು ಚಂದ. ಆದರೆ ಹೊಡೆದುಹಾಕಿದ್ದು, ಸಾಲುಗಳ ನಡುವೆ ಸೇರಿಸಿದ್ದು ಅದರಲ್ಲಿ ಕಾಣುವುದಿಲ್ಲ. ವಿಲಿಯಂ ಶೇಕ್ಸ್‌ಪಿಯರ್ ಉಯಿಲಿನ ಮೂಲ ಪ್ರತಿ ಮೂರು ಹಾಳೆ. ಅದರಲ್ಲಿ ತಿಂಗಳು ಮೊದಲು ಜನವರಿ ಅಂತಿದೆ. ಅದನ್ನು ಹೊಡೆದು ಮಾರ್ಚ್ ಮಾಡಿದ್ದಾರೆ. ಒಂದು ಕಡೆ 'ಅಳಿಯನಿಗೆ' ಅಂತ ಬರೆಯಲು ಹೊರಟವರು ಅದನ್ನು ಹೊಡೆದು 'ಮಗಳು ಜೂಡಿತ್‌ಗೆ' ಅಂದಿದ್ದಾರೆ. ಹೆಂಡತಿಗೆ ಮಂಚ ಕೊಟ್ಟ ಹೆಸರಾಂತ ಸಾಲು ಕೂಡ ಆಮೇಲೆ ನಡುವೆ ತುರುಕಿದ್ದು. ತಂಗಿಯ ಮೂವರು ಗಂಡುಮಕ್ಕಳಿಗೆ ತಲಾ 5 ಪೌಂಡು ಬಿಟ್ಟಾಗ ಒಬ್ಬನ ಹೆಸರಿನ ಜಾಗ ಖಾಲಿ ಉಳಿದಿದೆ. ಬರೆಸುವಾಗ ನೆನಪಿಗೆ ಬರಲಿಲ್ಲವೋ ಏನೋ! ಮನೆತನದ ಒಳಗಿನ ಮಾತು ಇಂಥ ಕಡೆಯೇ ಸಿಗುವುದು. ಮೂಲ ಉಳಿದಿದ್ದರೆ ಅದರ ಚಿತ್ರ ತರಿಸಿಕೊಳ್ಳಿ.

ಹೆಜ್ಜೆ 3: ಅಕ್ಷರ, ತಾರೀಖು, ದುಡ್ಡು

ಆ ಕಾಲದ ಬರವಣಿಗೆಗೆ ಸೆಕ್ರೆಟರಿ ಹ್ಯಾಂಡ್ ಅಂತ ಹೆಸರು. ನಮ್ಮ ಹಳೆಯ ಮೋಡಿ ಅಕ್ಷರದ ಹಾಗೆ, ಗೊತ್ತಿರುವ ಭಾಷೆಯೇ ಆದರೂ ಗುರುತು ಹತ್ತದು. ಇ ಅಕ್ಷರ ಹಿಂದುಮುಂದಾಗಿ ಕಾಣುತ್ತದೆ. ಸಿ ನೋಡಿದರೆ ಆರ್ ಅನ್ನಿಸುತ್ತದೆ. ಎಚ್‌ನ ಬಾಲ ಸಾಲಿನ ಕೆಳಗೆ ಇಳಿದಿರುತ್ತದೆ. ಯು ಇರಬೇಕಾದ ಕಡೆ ವಿ, ಐ ಇರಬೇಕಾದ ಕಡೆ ಜೆ. ದೊಡ್ಡ ಎಫ್ ಬದಲು ಎರಡು ಸಣ್ಣ ಎಫ್. ನನ್ನ ಉಪಾಯ ಇಷ್ಟೇ: ಪ್ರತಿ ಉಯಿಲಿನ ಮೊದಲ ಸಾಲು ಹೆಚ್ಚುಕಡಿಮೆ ಒಂದೇ, 'ದೇವರ ಹೆಸರಿನಲ್ಲಿ, ಆಮೆನ್'. ಆ ಸಾಲಿನಿಂದ ಒಂದೊಂದು ಅಕ್ಷರದ ಆಕಾರ ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ 'ಐಟಂ' ಅನ್ನುವ ಪದ ಹುಡುಕಿ. ಒಂದೊಂದು ಕೊಡುಗೆಯೂ ಅದರಿಂದಲೇ ಶುರು. ಅಲ್ಲಿಗೆ ಉಯಿಲು ತುಂಡುತುಂಡಾಗಿ ಬಿಡಿಸಿಕೊಳ್ಳುತ್ತದೆ.

ತಾರೀಖಿನಲ್ಲಿ ಎರಡು ತೊಡಕು. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ಉಯಿಲಿನಲ್ಲಿ 1587ರ ಫೆಬ್ರವರಿ ಅಂತಿದ್ದರೆ ನಮ್ಮ ಲೆಕ್ಕಕ್ಕೆ ಅದು 1588. ಇದು ತಪ್ಪಿದರೆ ಮನುಷ್ಯ ಸತ್ತ ಮೇಲೆ ಉಯಿಲು ಬರೆದ ಹಾಗೆ ಕಾಣುತ್ತದೆ! ಎರಡನೆಯದು ರಾಜರ ಆಳ್ವಿಕೆಯ ವರ್ಷ. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದದ್ದು 1558ರ ನವೆಂಬರ್ 17. ಅವಳ 30ನೇ ವರ್ಷ ಅಂದರೆ 1587ರ ನವೆಂಬರ್ 17ರಿಂದ ಮುಂದಿನ ನವೆಂಬರ್ 16ರವರೆಗೆ. ಒಂದನೇ ವರ್ಷವನ್ನೂ ಎಣಿಸುವುದು ಮರೆಯಬೇಡಿ.

ದುಡ್ಡಿಗೆ ಬಂದರೆ 12 ಪೆನ್ನಿಗೆ 1 ಶಿಲ್ಲಿಂಗ್, 20 ಶಿಲ್ಲಿಂಗಿಗೆ 1 ಪೌಂಡು. ರೂಪಾಯಿ, ಆಣೆ, ಪೈ ಲೆಕ್ಕ ಮಾಡಿದ ಅಜ್ಜಂದಿರಿಗೆ ಇದು ಕಷ್ಟವೇ ಅಲ್ಲ. ಮೊತ್ತವನ್ನು ರೋಮನ್ ಅಂಕಿಯಲ್ಲಿ ಬರೆಯುತ್ತಾರೆ, ಕೊನೆಯ ಒಂದಕ್ಕೆ ಬಾಲ ಎಳೆದು ಜೆ ಮಾಡುತ್ತಾರೆ. ವಿಚಿತ್ರ ಮೊತ್ತ ಕಂಡರೆ ಮಾರ್ಕ್ ಲೆಕ್ಕ ಹಾಕಿ ನೋಡಿ. ಮಾರ್ಕ್ ಅಂದರೆ 13 ಶಿಲ್ಲಿಂಗ್ 4 ಪೆನ್ಸ್. ಅದು ನಾಣ್ಯವಲ್ಲ, ಲೆಕ್ಕದ ಮಾತು. ಶೇಕ್ಸ್‌ಪಿಯರ್ ತನ್ನ ಜೊತೆಯ ಮೂವರು ನಟರಿಗೆ ಉಂಗುರ ಮಾಡಿಸಿಕೊಳ್ಳಲು ಬಿಟ್ಟದ್ದು ತಲಾ 26 ಶಿಲ್ಲಿಂಗ್ 8 ಪೆನ್ಸ್. ಸರಿಯಾಗಿ 2 ಮಾರ್ಕ್. ವಕೀಲನಿಗೆ 13 ಪೌಂಡು 6 ಶಿಲ್ಲಿಂಗ್ 8 ಪೆನ್ಸ್, ಅಂದರೆ 20 ಮಾರ್ಕ್.

ಹೆಜ್ಜೆ 4: ದೇವರ ಮಾತುಗಳನ್ನು ಬೇಗ ದಾಟಿ

'ಮೈಗೆ ಹುಷಾರಿಲ್ಲ, ಆದರೆ ಬುದ್ಧಿ ನೆನಪು ಸರಿಯಾಗಿದೆ, ಆತ್ಮವನ್ನು ದೇವರಿಗೆ ಒಪ್ಪಿಸುತ್ತೇನೆ.' ಸಂತ ಮೇರಿಯ ಹೆಸರಿದ್ದರೆ ಕ್ಯಾಥೊಲಿಕ್, ಯೇಸುವಿನಿಂದಲೇ ಮುಕ್ತಿ ಅಂದರೆ ಪ್ರಾಟೆಸ್ಟೆಂಟ್ ಅಂತ ಹಲವರು ತೀರ್ಪು ಕೊಟ್ಟುಬಿಡುತ್ತಾರೆ. ಅಷ್ಟು ಸಲೀಸಲ್ಲ. ಈ ಮಾತು ಬರೆಸಿದವನದ್ದೋ, ಬರೆದುಕೊಟ್ಟ ಪಾದ್ರಿ ಅಥವಾ ಗುಮಾಸ್ತನದ್ದೋ ಹೇಳುವುದು ಕಷ್ಟ. ಅದೇ ಊರಿನ ಇನ್ನೂ ನಾಲ್ಕು ಉಯಿಲು ತೆಗೆದು ನೋಡಿ. ಎಲ್ಲದರಲ್ಲೂ ಅದೇ ಸಾಲುಗಳಿದ್ದರೆ ಅದು ಗುಮಾಸ್ತನ ಭಕ್ತಿ.

ಹೆಜ್ಜೆ 5: ಜಮೀನು ಬೇರೆ, ಸಾಮಾನು ಬೇರೆ

ಇಲ್ಲಿ ನಿಧಾನವಾಗಿ ಹೋಗಿ. ಕಾಗದ ತೆಗೆದು ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಮನೆ, ಹೊಲ. ಇನ್ನೊಂದರಲ್ಲಿ ದುಡ್ಡು, ಪಾತ್ರೆ, ಸರಕು, ದನ, ಬರಬೇಕಾದ ಸಾಲ. ಗುತ್ತಿಗೆಗೆ ಹಿಡಿದ ಮನೆಯೂ ಎರಡನೇ ಕಾಲಂಗೇ ಹೋಗುತ್ತದೆ, ಆಶ್ಚರ್ಯವಾದರೂ ನಿಜ.

ಯಾಕೆ ಬೇರೆ ಮಾಡಬೇಕು ಅಂದರೆ, ಎರಡಕ್ಕೂ ಕಾನೂನು ಬೇರೆ ಬೇರೆ. ಸಾಮಾನಿನ ವಿಷಯ ಚರ್ಚಿನ ಕೋರ್ಟಿಗೆ ಸೇರಿದ್ದು. ಸ್ವಂತ ಜಮೀನನ್ನು ಉಯಿಲಿನಲ್ಲಿ ಬೇಕಾದವರಿಗೆ ಬರೆಯುವ ಹಕ್ಕನ್ನು ಕಾನೂನು ಕೊಟ್ಟದ್ದೇ 1540ರಲ್ಲಿ. ಅದಕ್ಕೂ ಮುಂಚೆ ಕೆಲವು ಪೇಟೆಗಳಲ್ಲಿ ರೂಢಿಯಂತೆ ಬರೆಯಬಹುದಿತ್ತು. ಉಳಿದವರು ನಂಬಿಕಸ್ಥರ ಹೆಸರಿಗೆ ಮಾಡಿ ಸುತ್ತುದಾರಿ ಹಿಡಿಯುತ್ತಿದ್ದರು. 1677ರಿಂದ ಜಮೀನಿನ ಉಯಿಲಿಗೆ ಕನಿಷ್ಠ ಮೂವರು ಸಾಕ್ಷಿ ಬೇಕೇಬೇಕು ಅಂತಾಯಿತು.

ಉಯಿಲಿನಲ್ಲಿ ಜಮೀನಿನ ಮಾತೇ ಇಲ್ಲದಿದ್ದರೆ? ಅದು ತಾನಾಗಿ ಹಿರಿಯ ಮಗನಿಗೆ ಹೋಗುತ್ತಿತ್ತು. ಆದರೆ ಎಲ್ಲ ಕಡೆ ಹಾಗಲ್ಲ. ಕೆಂಟ್ ಕೌಂಟಿಯಲ್ಲಿ ಗಂಡುಮಕ್ಕಳಿಗೆಲ್ಲ ಸಮಪಾಲು. ಕೆಲವು ಪೇಟೆಗಳಲ್ಲಿ, ಹಳ್ಳಿಗಳಲ್ಲಿ ಕಿರಿಯ ಮಗನಿಗೆ! ಹಾಗಾಗಿ ಆ ಊರಿನ ರೂಢಿ ತಿಳಿಯದೆ ಒಂದು ಹೆಜ್ಜೆಯೂ ಮುಂದಿಡಬೇಡಿ.

ನಮ್ಮ ಕೈಗವಸಿನವನನ್ನೇ ನೋಡಿ. ಜಾನ್ 1601ರ ಸೆಪ್ಟೆಂಬರಿನಲ್ಲಿ ಮಣ್ಣಾದ. ಕೋರ್ಟಿನಲ್ಲಿ ಮಂಜೂರಾದ ಅವನ ಉಯಿಲು ಯಾವುದೂ ಸಿಕ್ಕಿಲ್ಲ. ಆದರೂ ಹೆನ್ಲಿ ಸ್ಟ್ರೀಟ್ ಮನೆ ಹಿರಿಯ ಮಗ ವಿಲಿಯಂಗೆ ಬಂತು. ಕಾಗದವಿಲ್ಲದೆ ಆಸ್ತಿ ಕೈಬದಲಾಗುವುದು ಹೀಗೆ.

ಇನ್ನೊಂದು ಥರದ ಜಮೀನು ಕಾಪಿಹೋಲ್ಡ್. ಊರಿನ ಜಮೀನ್ದಾರನ ಮ್ಯಾನರ್ ಕೋರ್ಟಿನ ಪುಸ್ತಕದಲ್ಲಿ ಹೆಸರಿದ್ದವನೇ ಅದರ ಒಡೆಯ. ಸುಮ್ನೆ ಉಯಿಲಿನಲ್ಲಿ ಬರೆದರೆ ಸಾಲದು, ಆ ಕೋರ್ಟಿನಲ್ಲಿ ಬಿಟ್ಟುಕೊಡುವ ಶಾಸ್ತ್ರ ಆಗಬೇಕು. ಶೇಕ್ಸ್‌ಪಿಯರ್‌ಗೆ ರೋವಿಂಗ್ಟನ್ ಮ್ಯಾನರ್‌ಗೆ ಸೇರಿದ ಒಂದು ಸಣ್ಣ ಮನೆ ಇತ್ತು. ಅದರ ಮೇಲಿನ ಹಕ್ಕನ್ನು ನಿನ್ನ ಅಕ್ಕ ಸುಸಾನಾಗೆ ಬಿಟ್ಟುಕೊಟ್ಟರೆ ಮಾತ್ರ ನಿನಗೆ 50 ಪೌಂಡು ಅಂತ ಜೂಡಿತ್‌ಗೆ ಷರತ್ತು ಹಾಕಿದ. ಇಂಥ ಸಾಲು ಕಂಡರೆ ಮ್ಯಾನರ್ ಕೋರ್ಟಿನ ಸುರುಳಿಗಳನ್ನು ಹುಡುಕಲು ಹೊರಡಿ.

ಹೆಜ್ಜೆ 6: ಹೆಂಡತಿಯ ಪಾಲನ್ನು ಉಯಿಲಿನಲ್ಲಿ ಮಾತ್ರ ಹುಡುಕಬೇಡಿ

'ನನ್ನ ಹೆಂಡತಿಗೆ ಎರಡನೇ ಒಳ್ಳೆಯ ಮಂಚ, ಹಾಸಿಗೆ ಹೊದಿಕೆ ಸಮೇತ.' ಈ ಒಂದು ಸಾಲಿನ ಮೇಲೆ ಎಷ್ಟು ಕತೆ ಕಟ್ಟಿದ್ದಾರೋ! ಜಗಳ ಇತ್ತು ಅನ್ನುವವರು ಕೆಲವರು, ಅದು ಗಂಡಹೆಂಡಿರ ಮಂಚ, ಪ್ರೀತಿಯಿಂದ ಕೊಟ್ಟ ಅನ್ನುವವರು ಇನ್ನು ಕೆಲವರು. ಎರಡಕ್ಕೂ ಪುರಾವೆ ಇಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಉಯಿಲು ಇಲ್ಲದೆಯೇ ಅವಳಿಗೆ ಏನು ಬರುತ್ತಿತ್ತು?

ವಿಧವೆಗೆ ಗಂಡನ ಸ್ವಂತ ಜಮೀನಿನ ಮೂರನೇ ಒಂದು ಪಾಲಿನ ಆದಾಯ ಬದುಕಿರುವವರೆಗೂ ಕಾನೂನಿನಿಂದಲೇ ಸಿಗುತ್ತಿತ್ತು. ಇದಕ್ಕೆ ಡವರ್ ಅಂತ ಹೆಸರು. ವರದಕ್ಷಿಣೆಗೂ ಇದಕ್ಕೂ ಸಂಬಂಧವಿಲ್ಲ. ಗಂಡನಾದವನು ಇದನ್ನು ಉಯಿಲಿನಲ್ಲಿ ಬರೆಯಬೇಕಾಗಿಯೇ ಇರಲಿಲ್ಲ. ಇದನ್ನು ತಪ್ಪಿಸುವ ದಾರಿಯೂ ಇತ್ತು. 1613ರಲ್ಲಿ ಶೇಕ್ಸ್‌ಪಿಯರ್ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ 140 ಪೌಂಡಿಗೆ ಕೊಂಡ ಮನೆಯನ್ನು ಬೇರೆಯವರ ಜೊತೆ ಸೇರಿ ಜಂಟಿ ಹೆಸರಿಗೆ ಬರೆಸಿದ್ದ. ಹಾಗೆ ಮಾಡಿದರೆ ಆ ಮನೆಗೆ ಡವರ್ ಅನ್ವಯಿಸದು.

ಲಂಡನ್ ನಗರದ ಕಸುಬು ಸಂಘದ ಸದಸ್ಯನಾಗಿ ನಾಗರಿಕ ಹಕ್ಕು ಪಡೆದವನಾದರೆ ಲೆಕ್ಕ ಇನ್ನೂ ಬಿಗಿ. ಅವನ ಚರಾಸ್ತಿ ಮೂರು ಪಾಲು: ಹೆಂಡತಿಗೆ ಒಂದು, ಮಕ್ಕಳಿಗೆಲ್ಲ ಸೇರಿ ಒಂದು, ಅವನ ಇಷ್ಟಕ್ಕೆ ಒಂದು. ಒಬ್ಬ ಅಕ್ಕಸಾಲಿಗ ಸಾಲ ಕಳೆದು 900 ಪೌಂಡು ಬಿಟ್ಟುಹೋದ ಅಂತಿಟ್ಟುಕೊಳ್ಳಿ. ಅವನು ಉಯಿಲಿನಲ್ಲಿ ಬೇಕಾದ ಹಾಗೆ ಹಂಚಬಹುದಾದದ್ದು 300 ಮಾತ್ರ. ಉಯಿಲಿನ ಮೊತ್ತ ಕೂಡಿಸಿ 'ಇಷ್ಟೇನಾ ಆಸ್ತಿ' ಅಂದರೆ ಮೂರರಲ್ಲಿ ಎರಡು ಪಾಲು ಮರೆತ ಹಾಗೆ. ಯಾರ್ಕ್ ಪ್ರಾಂತದಲ್ಲೂ 1692ರವರೆಗೆ ಇದೇ ರೂಢಿ ಇತ್ತು.

ಆಮೇಲೆ ಉಯಿಲಿನ ಕೊನೆಗೆ ಹೋಗಿ. 'ಮಿಕ್ಕಿದ್ದೆಲ್ಲ ಇವರಿಗೆ, ಇವರೇ ಎಕ್ಸಿಕ್ಯೂಟರ್' ಅನ್ನುವ ಸಾಲೇ ಬಹಳ ಸಲ ಇಡೀ ಉಯಿಲಿನ ಜೀವ. ಕಸುಬುದಾರರ ಮನೆಗಳಲ್ಲಿ ಆ ಹೆಸರು ಹೆಚ್ಚಾಗಿ ಹೆಂಡತಿಯದ್ದೇ. ಮೇಲೆ ಅವಳಿಗೆ ಹೆಸರು ಹಿಡಿದು ಏನೂ ಕೊಡದಿರುವುದಕ್ಕೆ ಕಾರಣವೂ ಅದೇ. ಶೇಕ್ಸ್‌ಪಿಯರ್ ಹಾಗೆ ಮಾಡದೆ ಸುಸಾನಾ, ಅಳಿಯ ಜಾನ್ ಹಾಲ್ ಇಬ್ಬರ ಹೆಸರು ಹಾಕಿದ. ಮಂಚಕ್ಕಿಂತ ನನಗೆ ಇದೇ ಗಮನಿಸುವಂಥದ್ದು ಅನ್ನಿಸುತ್ತದೆ.

'ವಿಧವೆಯಾಗಿ ಇರುವವರೆಗೆ' ಅನ್ನುವ ಮಾತನ್ನೂ ಗುರುತು ಹಾಕಿ. ಮತ್ತೆ ಮದುವೆಯಾದರೆ ಅಂಗಡಿ, ಸಾಮಾನು ಹೊಸ ಗಂಡನ ಕೈಗೆ ಹೋಗುತ್ತದೆ ಅನ್ನುವ ಭಯ ಅದು. ಕೆಲವರು ಹೆಂಡತಿಗೆ ಯಾವ ಕೋಣೆ, ಒಲೆ ಬಳಸುವ ಹಕ್ಕು, ಬಾವಿಗೆ ಹೋಗಿಬರುವ ದಾರಿ ಅಂತೆಲ್ಲ ಬಿಡಿಸಿ ಬರೆಸಿದ್ದಾರೆ. ಮಗ, ಸೊಸೆ, ಅತ್ತೆ ಒಂದೇ ಸೂರಿನಡಿ ಅಂದರೆ ಯಾವ ದೇಶವಾದರೇನು, ಅಲ್ವಾ?

ಹೆಜ್ಜೆ 7: ಕಡಿಮೆ ಸಿಕ್ಕ ಮಕ್ಕಳು ಬೇಡವಾದವರಲ್ಲ

ಒಬ್ಬ ಮಗನಿಗೆ ಒಂದೇ ಶಿಲ್ಲಿಂಗ್ ಬಿಟ್ಟಿದ್ದರೆ ಅಪ್ಪ ಸಿಟ್ಟಾಗಿದ್ದ ಅಂದುಕೊಳ್ಳುವ ಮುಂಚೆ, ಆ ಮಗನಿಗೆ ಮೊದಲೇ ಅಂಗಡಿ ಹಾಕಿಕೊಟ್ಟಿದ್ದನೋ, ಮಗಳ ಮದುವೆಗೆ ಕೊಟ್ಟಾಗಿತ್ತೋ ನೋಡಿ. ಜೂಡಿತ್ 1616ರ ಫೆಬ್ರವರಿಯಲ್ಲಿ ಮದುವೆಯಾದಳು. ಮರುತಿಂಗಳ ಉಯಿಲಿನಲ್ಲಿ ಅವಳಿಗೆ 100 ಪೌಂಡು 'ಮದುವೆಯ ಪಾಲಿನ ಬಾಬ್ತು' ಅಂತಲೇ ಇದೆ. ಇನ್ನೂ 150 ಪೌಂಡು ಇದೆ, ಆದರೆ ಅದು ಗಂಡನ ಕೈಗೆ ಸುಲಭವಾಗಿ ಸಿಗುವಂತಿಲ್ಲ. ಅವನು ಅಷ್ಟೇ ಬೆಲೆಯ ಜಮೀನು ಹೆಂಡತಿ ಮಕ್ಕಳ ಹೆಸರಿಗೆ ಮಾಡಿದರೆ ಮಾತ್ರ. ಮದುವೆಯಾದ ಹೆಣ್ಣಿನ ದುಡ್ಡೆಲ್ಲ ಕಾನೂನಿನ ಪ್ರಕಾರ ಗಂಡನದ್ದಾಗುತ್ತಿದ್ದ ಕಾಲ. ಹೊಸ ಅಳಿಯನ ಮೇಲೆ ಮಾವನಿಗೆ ನಂಬಿಕೆ ಎಷ್ಟಿತ್ತು ಅಂತ ಈ ಷರತ್ತೇ ಹೇಳುತ್ತದೆ.

ಸಂಬಂಧದ ಪದಗಳೂ ಮೋಸ ಮಾಡುತ್ತವೆ. ನಮ್ಮಲ್ಲಿ ಚಿಕ್ಕಪ್ಪ, ಸೋದರಮಾವ, ಮೊಮ್ಮಗಳು ಅಂತ ಒಬ್ಬೊಬ್ಬರಿಗೂ ಒಂದೊಂದು ಪದ. ಅಲ್ಲಿ ಕಸಿನ್ ಅಂದರೆ ಯಾವ ನೆಂಟನೂ ಆಗಬಹುದು. ಸನ್ ಇನ್ ಲಾ ಅಂದರೆ ಅಳಿಯನೂ ಹೌದು, ಹೆಂಡತಿಯ ಮೊದಲ ಗಂಡನ ಮಗನೂ ಹೌದು. ಶೇಕ್ಸ್‌ಪಿಯರ್ ಉಯಿಲಿನಲ್ಲಿ ನೀಸ್ ಅಂದದ್ದು ಸ್ವಂತ ಮೊಮ್ಮಗಳು ಎಲಿಜಬೆತ್‌ಳನ್ನು! 1538ರಿಂದ ಚರ್ಚುಗಳಲ್ಲಿ ನಾಮಕರಣ, ಮದುವೆ, ಮಣ್ಣು ಮಾಡಿದ್ದರ ದಾಖಲೆ ಇಡಬೇಕು ಅಂತಾಯಿತು. ಅದನ್ನು ಪಕ್ಕದಲ್ಲಿಟ್ಟುಕೊಂಡು ವಂಶವೃಕ್ಷ ಬರೆದ ಮೇಲೆಯೇ ಇಂಥ ಪದಗಳನ್ನು ಕನ್ನಡಕ್ಕೆ ತನ್ನಿ.

ಹೆಜ್ಜೆ 8: ಅಂಗಡಿ ಯಾರಿಗೆ?

ಕಸುಬುದಾರನ ಉಯಿಲನ್ನು ರೈತನ ಉಯಿಲಿನಿಂದ ಬೇರೆ ಮಾಡುವುದೇ ಇದು. ಮಗ್ಗ, ಅಚ್ಚು, ಸುತ್ತಿಗೆ, ಅರ್ಧ ಮುಗಿದ ಸರಕು ಯಾರಿಗೆ ಹೋಯಿತು ಅಂತ ನೋಡಿ. ಅದು ಯಾವಾಗಲೂ ಹಿರಿಯ ಮಗನಿಗಲ್ಲ. ಅದೇ ಕಸುಬು ಕಲಿತ ಕಿರಿಯನಿಗೆ, ಇಲ್ಲವೇ ಕೆಲಸ ಕಲಿಯಲು ಬಂದ ಶಿಷ್ಯನಿಗೆ. 1563ರ ಕಾಯ್ದೆಯಂತೆ ಕಸುಬು ಕಲಿಯಲು ಕನಿಷ್ಠ 7 ವರ್ಷ. ನಡುವೆ ಯಜಮಾನ ಸತ್ತರೆ ಶಿಷ್ಯನ ಉಳಿದ ವರ್ಷಗಳ ಗತಿ ಏನು ಅಂತಲೂ ಉಯಿಲಿನಲ್ಲಿ ಬರುವುದುಂಟು. ವಿಧವೆಯೇ ಅಂಗಡಿ ನಡೆಸುವುದಕ್ಕೂ ಅಡ್ಡಿ ಇರಲಿಲ್ಲ.

ಲಂಡನ್ನಿನ ಗಡಿಯಾರ ತಯಾರಕ ಥಾಮಸ್ ಟಾಂಪಿಯನ್ ಮದುವೆಯಾಗಲಿಲ್ಲ. 1713ರಲ್ಲಿ ಅವನು ತೀರಿಕೊಂಡ ಮೇಲೆ ವ್ಯವಹಾರ ಜಾರ್ಜ್ ಗ್ರಹಾಂ ಕೈಗೆ ಬಂತು. ಜೊತೆಯಲ್ಲೇ ಕೆಲಸ ಮಾಡುತ್ತಿದ್ದವ, ಸೋದರನ ಮಗಳ ಗಂಡ. ಎಸೆಕ್ಸಿನ ಕಾಗ್ಗೆಶಾಲ್ ಊರಿನ ಬಟ್ಟೆ ವ್ಯಾಪಾರಿ ಥಾಮಸ್ ಪೇಕಾಕ್‌ನ 1518ರ ಉಯಿಲು ಇನ್ನೊಂದು ಬಗೆ. ಅವನು ತನಗೆ ಬಟ್ಟೆ ನೇಯುತ್ತಿದ್ದವರನ್ನು, ಬಟ್ಟೆ ತುಳಿದು ಹದ ಮಾಡುತ್ತಿದ್ದವರನ್ನು, ಜುಂಗು ಕತ್ತರಿಸುತ್ತಿದ್ದವರನ್ನು ನೆನಪಿಟ್ಟುಕೊಂಡು ದುಡ್ಡು ಬಿಟ್ಟ. ಊರಾಚೆಯ ಕೆಟ್ಟ ರಸ್ತೆ ರಿಪೇರಿಗೂ ಬಿಟ್ಟ. ಧರ್ಮಕಾರ್ಯ ಹೌದು, ಜೊತೆಗೆ ಬಟ್ಟೆಯ ಗಾಡಿ ಓಡಾಡಬೇಕಾದದ್ದೂ ಅದೇ ರಸ್ತೆಯಲ್ಲಲ್ಲವೇ? ಅವನ ಮನೆ ಇವತ್ತೂ ಅಲ್ಲಿ ನಿಂತಿದೆ.

ಹೆಜ್ಜೆ 9: ಸಾಮಾನು ಪಟ್ಟಿ ಸಿಕ್ಕರೆ ಹಬ್ಬ

1529ರ ಕಾಯ್ದೆಯಿಂದ ಸತ್ತವನ ಸಾಮಾನಿನ ಪಟ್ಟಿ ಮಾಡಿ ಕೋರ್ಟಿಗೆ ಕೊಡಬೇಕಿತ್ತು. ನೆರೆಹೊರೆಯ ಕೆಲವರು ಕೋಣೆಯಿಂದ ಕೋಣೆಗೆ ಹೋಗಿ ಬೆಲೆ ಕಟ್ಟುತ್ತಿದ್ದರು. ಹೆಚ್ಚಾಗಿ ಅವರಲ್ಲಿ ಒಬ್ಬ ಅದೇ ಕಸುಬಿನವ. ಮೊದಲು ಮೈಮೇಲಿನ ಬಟ್ಟೆ, ಚೀಲದಲ್ಲಿದ್ದ ಕಾಸು. ಕೊನೆಗೆ ಬರಬೇಕಾದ ಸಾಲ, ಅದರಲ್ಲೂ ಬರುವಂಥದ್ದು ಬೇರೆ, ಬಾರದ್ದು ಬೇರೆ. ಓದುವಾಗ ಎರಡು ಎಚ್ಚರ: ಇದರಲ್ಲಿ ಸ್ವಂತ ಜಮೀನು ಇರುವುದಿಲ್ಲ. ಸತ್ತವನೇ ತೀರಿಸಬೇಕಿದ್ದ ಸಾಲವನ್ನು ಬಹಳ ಸಲ ಕಳೆದಿರುವುದೂ ಇಲ್ಲ. ಹಾಗಾಗಿ ಅಡಿಯಲ್ಲಿನ ಮೊತ್ತ ನೋಡಿ ಶ್ರೀಮಂತ, ಬಡವ ಅನ್ನಬೇಡಿ. ಶೇಕ್ಸ್‌ಪಿಯರ್ ಮನೆಯ ಪಟ್ಟಿ ಉಳಿದಿಲ್ಲ. ಉಯಿಲಿನಲ್ಲಿ ಒಂದು ಪುಸ್ತಕದ ಹೆಸರೂ ಇಲ್ಲ ಅಂತ ಮೂಗು ಮುರಿಯುವವರು ಇದನ್ನು ಮರೆಯುತ್ತಾರೆ. ಪುಸ್ತಕ ಬರಬೇಕಾದದ್ದು ಆ ಪಟ್ಟಿಯಲ್ಲಿ.

ಹೆಜ್ಜೆ 10: ಮುಂದೆ ಏನಾಯಿತು ಅಂತ ಹಿಂಬಾಲಿಸಿ

ಉಯಿಲಿನ ಅಡಿಯಲ್ಲಿ ಲ್ಯಾಟಿನ್‌ನಲ್ಲಿ ಎರಡು ಮೂರು ಸಾಲು ಇರುತ್ತದೆ. ಯಾವ ದಿನ, ಯಾರ ಪ್ರಮಾಣದ ಮೇಲೆ ಮಂಜೂರಾಯಿತು ಅಂತ. ನಮ್ಮ ಉದಾಹರಣೆಯಲ್ಲಿ ಬರೆಸಿದ್ದು 1616ರ ಮಾರ್ಚ್ 25, ಸತ್ತದ್ದು ಏಪ್ರಿಲ್ 23, ಅಳಿಯ ಹಾಲ್ ಲಂಡನ್ನಿನಲ್ಲಿ ಮಂಜೂರು ಮಾಡಿಸಿದ್ದು ಜೂನ್ 22. ಇಲ್ಲಿಂದ ಮುಂದಕ್ಕೆ ಮಗಳ ಉಯಿಲು, ಮೊಮ್ಮಗಳ ಉಯಿಲು ಅಂತ ಒಂದೊಂದಾಗಿ ತೆಗೆಯಿರಿ. ಒಂದು ಆಸ್ತಿ ಆರಿಸಿಕೊಂಡು ಅದರ ಬೆನ್ನು ಹತ್ತಿದರೆ ಕೆಲಸ ಸಲೀಸು.

ಶೇಕ್ಸ್‌ಪಿಯರ್ ತನ್ನ ಜಮೀನು ಚೂರಾಗಬಾರದು ಅಂತ ಸುಸಾನಾಳ ಮೊದಲ ಮಗನಿಗೆ, ಅವನಿಲ್ಲದಿದ್ದರೆ ಎರಡನೆಯವನಿಗೆ, ಹೀಗೆ ಏಳನೆಯವನವರೆಗೂ ಬರೆಸಿದ್ದ. ಸುಸಾನಾಗೆ ಗಂಡುಮಗು ಹುಟ್ಟಲೇ ಇಲ್ಲ. ಜೂಡಿತ್‌ಳ ಮೂವರು ಗಂಡುಮಕ್ಕಳೂ ಅವಳ ಕಣ್ಣ ಮುಂದೆಯೇ ಹೋದರು. 1670ರಲ್ಲಿ ಮೊಮ್ಮಗಳು ಎಲಿಜಬೆತ್ ತೀರಿಕೊಂಡಾಗ ಆ ವಂಶವೇ ಮುಗಿಯಿತು. ಅದೇ ಉಯಿಲಿನಲ್ಲಿ ತಂಗಿ ಜೋನ್‌ಗೆ 20 ಪೌಂಡು, ಅಣ್ಣನ ಉಡುಪುಗಳು, ಮತ್ತು ಹೆನ್ಲಿ ಸ್ಟ್ರೀಟಿನಲ್ಲಿ ಅವಳಿದ್ದ ಮನೆಯಲ್ಲಿ ಬದುಕಿರುವವರೆಗೂ ಇರುವ ಹಕ್ಕು ಸಿಕ್ಕಿತ್ತು, ವರ್ಷಕ್ಕೆ 12 ಪೆನ್ನಿ ಬಾಡಿಗೆಗೆ. ಅಣ್ಣ ಸಾಯುವುದಕ್ಕೆ ವಾರದ ಮುಂಚೆಯಷ್ಟೇ ಅವಳ ಗಂಡನನ್ನು, ಆ ಟೋಪಿಯವನನ್ನು, ಮಣ್ಣು ಮಾಡಿದ್ದರು. ಎಲಿಜಬೆತ್ ತನ್ನ ಉಯಿಲಿನಲ್ಲಿ ಆ ಮನೆಯನ್ನು ಜೋನ್‌ಳ ಮೊಮ್ಮಗ ಥಾಮಸ್ ಹಾರ್ಟ್‌ಗೆ ಬರೆದಳು. ಹಾರ್ಟ್ ಮನೆತನದವರು ಅದನ್ನು 1806ರಲ್ಲಿ ಮಾರಿದರು. 1847ರಲ್ಲಿ ಅದು ಹರಾಜಿಗೆ ಬಂದಾಗ 3,000 ಪೌಂಡಿಗೆ ಹೋಯಿತು.